ದೇವರ ಜಗಲಿಯ ಮೇಲೆ ಬರೋಲೋ

ಕುಡಿದು ಕೆಟ್ಟವರನ್ನು ನೀವು ಬೇಕಾದಷ್ಟು ನೋಡಿರುತ್ತೀರಿ. ಕುಡಿಯದೆ ಕೆಟ್ಟವನೊಬ್ಬನನ್ನು ನೋಡುವ ಆಸೆಯಿದ್ದರೆ ಪುಣೆಯ ಬಿಬವೇವಾಡಿಗೆ ಬನ್ನಿ, ಮೂರನೆಯ ಮಹಡಿಯಲ್ಲಿ ನಾನಿದ್ದೇನೆ. ಐವತ್ತಾರು ದಾಟಿದೆ, ಇವತ್ತಿನವರೆಗೆ ಒಂದು ಹನಿ ಮದ್ಯ ನಾಲಿಗೆಗೆ ಸೋಕಿಸಿದವನಲ್ಲ. ಕೆಮ್ಮಿನ ಔಷಧಿಯನ್ನು ಕೂಡ ಬಾಟಲಿಯ ಮೇಲೆ ಏನು ಬರೆದಿದೆ ಎಂದು ಕನ್ನಡಕ ಹಾಕಿಕೊಂಡು ಓದಿಯೇ ಕುಡಿಯುತ್ತೇನೆ. ಆದರೂ ಕುಡುಕನಿಗೆ ಮನೆಯಲ್ಲಿ ಆಗಬೇಕಾದ ಶಾಸ್ತಿಯೆಲ್ಲ ನನಗೆ ಆಗಿದೆ. ನಾನು ಬಂದರೆ ಕೈಚೀಲದೊಳಗೆ ಕಣ್ಣು ಹಾಯುತ್ತದೆ, ನಾನು ಆಡಿದ ಮಾತಿಗೆಲ್ಲ 'ಹೌದೇನು' ಎಂಬ ಉತ್ತರ ಬರುತ್ತದೆ. ಕುಡುಕರಿಗಾದರೆ ಕುಡಿದ ಸುಖವಾದರೂ ಸಿಕ್ಕಿರುತ್ತದೆ. ನನಗೆ ಅದೂ ಇಲ್ಲ.

ನಾನು ಕೆಲಸ ಮಾಡುವುದು ಚಾಕಣ ಕಡೆಯ ಒಂದು ಕಾರ್ಖಾನೆಯಲ್ಲಿ. ಬಿಸ್ಕತ್ತು, ಸಾಬೂನು ಇಂಥವನ್ನು ಕಾಗದದಲ್ಲಿ ಸುತ್ತುವ ಯಂತ್ರಗಳನ್ನು ಮಾಡುತ್ತೇವೆ. ನಕ್ಷೆ ಇಟಲಿಯದು, ಬೆವರು ನಮ್ಮದು. ಆಮದಿನ ಕಾಗದಪತ್ರ ನೋಡುವ ಗುಮಾಸ್ತ ನಾನು. ಈಗ ಅದಕ್ಕೆ ಸೀನಿಯರ್ ಎಕ್ಸಿಕ್ಯುಟಿವ್ ಎನ್ನುತ್ತಾರೆ, ಕುರ್ಚಿ ಮಾತ್ರ ಹಳೆಯದೇ. ವರ್ಷಕ್ಕೆರಡು ಸಲ ಇಟಲಿಯಿಂದ ಬ್ರೂನೊ ಸಾಹೇಬರು ಬರುತ್ತಾರೆ. ಎತ್ತರದ ಆಳು, ಬಿಳಿ ಮೀಸೆ, ಮಾತು ಮೆಲ್ಲಗೆ. ನನ್ನನ್ನು 'ಮಿಸ್ಟರ್ ಅಂಗಾದಿ' ಎನ್ನುತ್ತಾರೆ. ಅಂಗಡಿ, ಅಂಗಡಿ ಎಂದು ನಾಲ್ಕು ವರ್ಷ ತಿದ್ದಿ ಕೈಬಿಟ್ಟಿದ್ದೇನೆ. ಎರಡು ವರ್ಷದ ಹಿಂದೆ ಅವರು ನಮ್ಮನ್ನೆಲ್ಲ ಒಂದು ದೊಡ್ಡ ಹೋಟೆಲಿಗೆ ಊಟಕ್ಕೆ ಕರೆದರು. ನಾನು ಬೇಡವೆನ್ನಲು ಕೈ ಎತ್ತುವಷ್ಟರಲ್ಲಿ ನನ್ನ ಗ್ಲಾಸಿಗೂ ಕೆಂಪು ವೈನು ಸುರಿದಾಗಿತ್ತು. ಸಾಹೇಬರು ಒಬ್ಬೊಬ್ಬರನ್ನೇ ಹೇಗಿದೆ ಎಂದು ಕೇಳುತ್ತ ಬಂದರು. ಸ್ಟೋರ್ಸಿನ ಶಿಂದೆ 'ಮಸ್ತ' ಎಂದ. ನನ್ನ ಸರದಿ ಬಂತು. ನಾನು ಕುಡಿಯುವವನಲ್ಲ ಎಂದು ಅವತ್ತು ಮೂರು ಮಾತು ಹೇಳಿದ್ದರೆ ಇವತ್ತು ಈ ಗೋಳು ಬರೆಯುವ ಗತಿ ಬರುತ್ತಿರಲಿಲ್ಲ. ನಾನು ಮಾಡಿದ್ದೇನೆಂದರೆ, ಗ್ಲಾಸನ್ನು ಮೂಗಿನ ಹತ್ತಿರ ಹಿಡಿದು, ನಮ್ಮಜ್ಜಿ ಎರಡು ವರ್ಷದ ಹುಣಸೆಹಣ್ಣು ಇಟ್ಟ ಗಡಿಗೆಯ ಮುಚ್ಚಳ ತೆಗೆದರೆ ಇಂಥದೇ ವಾಸನೆ ಬರುತ್ತಿತ್ತು ಎಂದೆ. ನಾನು ಹೇಳಿದ್ದು ದೂರು. ಸಾಹೇಬರು ಎದ್ದು ಬಂದು ನನ್ನ ಕೈ ಹಿಡಿದು ಕುಲುಕಿ, ಈ ಕಾರ್ಖಾನೆಯಲ್ಲಿ ಮೂಗು ಇರುವವನು ನೀನೊಬ್ಬನೇ ಎಂದರು. ಹೊಗಳಿಕೆ ಯಾರಿಗೆ ಬೇಡ? ನಾನು ಸುಮ್ಮನೆ ನಕ್ಕೆ.

ಇಲ್ಲಿ ನನ್ನ ಹೆಂಡತಿ ಸುವರ್ಣಾಳ ವಿಷಯ ಹೇಳಲೇಬೇಕು. ಅವಳು ಬೆಳೆದದ್ದು ದೌಂಡದ ರೈಲ್ವೆ ಕ್ವಾರ್ಟರ್ಸಿನಲ್ಲಿ. ಅವಳ ಅಪ್ಪ ಕಲಬುರ್ಗಿ ಕಡೆಯಿಂದ ಹೋಗಿ ಅಲ್ಲಿ ಲೈನ್ ಮೇಲೆ ಕೆಲಸಕ್ಕೆ ಸೇರಿದವರು. ಒಳ್ಳೆಯ ಮನುಷ್ಯ, ಸಂಜೆಯವರೆಗೆ. ನಾನು ವಿಜಯಪುರದಿಂದ ಹೆಣ್ಣು ನೋಡಲು ಹೋದಾಗ ಹಿರಿಯರು ನಮ್ಮಿಬ್ಬರನ್ನು ಐದು ನಿಮಿಷ ಮಾತಾಡಿಕೊಳ್ಳಲು ಬಿಟ್ಟರು. ಹಾಡು ಬರುತ್ತದೆಯೇ ಎಂದು ಕೇಳಬೇಕೆಂದು ನಾನು ಗಂಟಲು ಸರಿಮಾಡಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಅವಳೇ, ನೀವು ಕುಡಿಯುತ್ತೀರೇನು ಎಂದು ಕೇಳಿದಳು. ಇಲ್ಲ ಎಂದೆ. ಮುಂದೆ? ಮುಂದೂ ಇಲ್ಲ ಎಂದೆ. ಆಮೇಲೆ ಅವಳು ನೆಲ ನೋಡುತ್ತ ಹೇಳಿದಳು: ಪಗಾರದ ದಿನ ಅವ್ವ ತನ್ನನ್ನು ಸ್ಟೇಷನ್ನಿನ ಗೇಟಿಗೆ ಕಳಿಸುತ್ತಿದ್ದಳಂತೆ, ಅಪ್ಪನ ಕೈ ಹಿಡಿದು ಹಳಿ ದಾಟಿಸಿ ಕರೆತರಲು. ಆಗ ಅವಳಿಗೆ ಹತ್ತು ವರ್ಷ. ಅಪ್ಪನ ಇನ್ನೊಂದು ಕೈಯಲ್ಲಿ ಬಾಟಲಿ. "ನಂಗ ಬಂಗಾರ ಬ್ಯಾಡ, ಸೀರಿ ಬ್ಯಾಡ," ಎಂದಳು. "ನನ್ನ ಮನ್ಯಾಗ ಬಾಟ್ಲಿ ಬರಬಾರದು. ಇಷ್ಟ." ನಾನು ಮಾತು ಕೊಟ್ಟೆ. ಇಪ್ಪತ್ತೆಂಟು ವರ್ಷ ಆ ಮಾತು ನಡೆಸಿದೆ. ಅದರಲ್ಲಿ ನನ್ನ ದೊಡ್ಡಸ್ತಿಕೆಯೇನೂ ಇಲ್ಲ, ನನಗೆ ಕುಡಿಯಬೇಕೆಂದು ಎಂದೂ ಅನ್ನಿಸಲಿಲ್ಲ. ಆದರೆ ಅವಳು ಅದನ್ನು ದೊಡ್ಡದೆಂದೇ ತಿಳಿದಿದ್ದಳು. ನನ್ನ ಗೊರಕೆ, ಮರೆವು, ಜಿಪುಣತನ ಎಲ್ಲವನ್ನೂ ಆ ಒಂದು ಗುಣದ ಮೇಲೆ ತೂಗಿಸಿಕೊಂಡು ಬಂದವಳು ಅವಳು. ಆ ಒಂದು ಗುಣ ಹೋದರೆ ನನ್ನಲ್ಲಿ ಉಳಿಯುವುದು ಗೊರಕೆ.

ಈ ವರ್ಷ ಆಷಾಢದಲ್ಲಿ ಸಾಹೇಬರು ಬಂದರು. ಸ್ವಲ್ಪ ಸೊರಗಿದ್ದರು, ಕಾಲರು ಕುತ್ತಿಗೆಗೆ ದೊಡ್ಡದಾಗಿತ್ತು. ಹೊರಡುವ ದಿನ ನನ್ನನ್ನು ಕೋಣೆಗೆ ಕರೆದು ಹಸಿರು ಕಾಗದ ಸುತ್ತಿ ಕೆಂಪು ರಿಬ್ಬನ್ ಕಟ್ಟಿದ ಒಂದು ಮರದ ಪೆಟ್ಟಿಗೆ ತೋರಿಸಿದರು. ರಿಬ್ಬನ್ನು ತಾವೇ ಕಟ್ಟಿದ್ದಂತೆ. ಒಳಗೆ ಮೂರು ಬಾಟಲಿ ಬರೋಲೋ. ತಮ್ಮ ಊರಿನ ಗುಡ್ಡದ ದ್ರಾಕ್ಷಿಯ ವೈನು, ವರ್ಷಗಟ್ಟಲೆ ಮರದ ಪೀಪಾಯಿಯಲ್ಲಿ ಮಲಗಿ ಎದ್ದದ್ದು, ಊಟಕ್ಕೆ ಒಂದೆರಡು ತಾಸು ಮುಂಚೆ ಬಿರಡೆ ತೆಗೆದು ಗಾಳಿಗಿಡಬೇಕು, ಡಾಂಬರು ಮತ್ತು ಗುಲಾಬಿಯ ವಾಸನೆ ಬರುತ್ತದೆ ಎಂದು ಅರ್ಧ ಗಂಟೆ ಹೇಳಿದರು. ಆಮೇಲೆ ಅದರ ಜೊತೆ ಏನು ತಿನ್ನಬೇಕೆಂಬ ಪಟ್ಟಿ. ಆ ವೈನಿನಲ್ಲೇ ಇಡೀ ದಿನ ಬೇಯಿಸಿದ ದನದ ಮಾಂಸ, ಕಾಡುಹಂದಿ, ಹಳೆಯ ಗಟ್ಟಿ ಚೀಸು, ನಾಯಿ ಮೂಸಿ ಹುಡುಕಿ ನೆಲದಿಂದ ಅಗೆದು ತೆಗೆಯುವ ಒಂದು ಅಣಬೆ. ಲಿಂಗ ಕಟ್ಟಿಕೊಂಡವನು ನಾನು, ಕೇಳುತ್ತ ಕೇಳುತ್ತ ಅಂಗಿಯ ಮೇಲಿನಿಂದಲೇ ಲಿಂಗ ಮುಟ್ಟಿಕೊಂಡೆ. ಮೂರು ಬಾಟಲಿ, ಮೂರು ಊಟ, ಮೂರು ಪತ್ರ, ಇಷ್ಟು ನನಗೆ ಬೇಕು ಎಂದರು ಸಾಹೇಬರು. ಬಾಗಿಲ ಹೊರಗೆ ಶಿಂದೆ ಕಾಯುತ್ತಿದ್ದ. 'ದ್ಯಾ ಮಲಾ', ನನಗೆ ಕೊಡಿ ಎಂದು ಎರಡೂ ಕೈ ಚಾಚಿದ. ಕೊಟ್ಟೇಬಿಡುತ್ತಿದ್ದೆ. ಆದರೆ ಸಾಹೇಬರು ಹಿಂದೆಯೇ ಬಂದು, ನಿನ್ನಂಥವನು ಇದನ್ನು ಬಸ್ಸಿನಲ್ಲಿ ಒಯ್ಯಬಾರದು ಎಂದು ತಮ್ಮ ಕಾರಿನಲ್ಲೇ ನನ್ನನ್ನು ಕೂರಿಸಿದರು. ಡ್ರೈವರ್ ನನಗಿಂತ ಚುರುಕು. ನಾನು ಕಾರಿನ ಬಾಗಿಲು ಹಾಕಿ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಬರುವಷ್ಟರಲ್ಲಿ ಪೆಟ್ಟಿಗೆ ಸುವರ್ಣಾಳ ಕೈಯಲ್ಲಿತ್ತು.

ಏನಿದೆ ಒಳಗೆ ಎಂದು ಕೇಳಿದಳು. ಆಗಲೇ ಹೇಳಿದ್ದರೆ ಒಂದು ಗಂಟೆಯ ಜಗಳ, ಮೂರು ದಿನದ ಮೌನ, ಅಷ್ಟಕ್ಕೇ ಮುಗಿಯುತ್ತಿತ್ತು. ಆದರೆ ನನ್ನ ಬಾಯಿಂದ 'ಗೊತ್ತಿಲ್ಲ' ಎಂಬ ಮಾತು ಜಾರಿತು. ನಮ್ಮ ಮನೆಯಲ್ಲಿ ಒಂದು ಪದ್ಧತಿಯಿದೆ. ಹೊಸದಾಗಿ ಏನೇ ಬರಲಿ, ಮೊದಲು ದೇವರ ಜಗಲಿಗೆ. ಮಿಕ್ಸರ್ ಬಂದಾಗ ಮೂರು ದಿನ ಜಗಲಿಯ ಮೇಲಿತ್ತು. ನಾಗಪುರದಲ್ಲಿ ಓದುವ ಮಗಳ ಪ್ರವೇಶಪತ್ರ ಇತ್ತು. ಗ್ಯಾಸಿನ ಹೊಸ ಪುಸ್ತಕವೂ ಇತ್ತು. ಸುವರ್ಣಾ ಪೆಟ್ಟಿಗೆಯನ್ನು ಒಯ್ದು ಬಸವಣ್ಣನ ಪಕ್ಕಕ್ಕಿಟ್ಟು, ನಾಲ್ಕು ಮೂಲೆಗೂ ವಿಭೂತಿ ಎಳೆದು, ನಡುವೆ ಕುಂಕುಮ ಹಚ್ಚಿ, ಮೇಲೆ ಅಕ್ಷತೆ ಹಾಕಿದಳು. ನಾಳೆ ತೆಗೆಯೋಣವೇ ಎಂದು ತಾನೇ ಕೇಳಿ, ಆಷಾಢ ಮುಗಿಯಲು ಇನ್ನು ನಾಲ್ಕೇ ದಿನ, ಶ್ರಾವಣವೆಲ್ಲ ಪೂಜೆಯಾಗಲಿ, ಕೊನೆಯ ಸೋಮವಾರ ತೆಗೆದರಾಯಿತು ಎಂದು ತಾನೇ ತೀರ್ಮಾನಿಸಿದಳು. ಮನೆಗೆ ಬಾಟಲಿ ಬಂದದ್ದೇ ತಪ್ಪು, ಈಗ ಅದು ಕೂತಿರುವ ಜಾಗ ನೋಡಿ. ಇನ್ನು ಬಾಯಿ ಬಿಡುವುದು ಹೇಗೆ?

ಅಂದಿನಿಂದ ನನ್ನ ಬೆಳಗು ಶುರುವಾದದ್ದು ಹೀಗೆ. ಸುವರ್ಣಾ ದೀಪ ಹಚ್ಚುವಳು. ಬಸವಣ್ಣನಿಗೊಂದು ಹೂ, ಪೆಟ್ಟಿಗೆಗೊಂದು ಹೂ. ಪಕ್ಕದಲ್ಲಿ ನಾನು ಅಂಗೈಯಲ್ಲಿ ಲಿಂಗವಿಟ್ಟುಕೊಂಡು ದೃಷ್ಟಿ ನಿಲ್ಲಿಸಲು ಕೂರುವೆ. ದೃಷ್ಟಿ ನಿಲ್ಲಬೇಕಲ್ಲ. ಅದು ಮೆಲ್ಲಗೆ ಜಾರಿ ಕೆಂಪು ರಿಬ್ಬನ್ನಿನ ಮೇಲೆ ಕೂರುವುದು. ಇವತ್ತು ಹೇಳಿಬಿಡಬೇಕು ಎಂದು ದಿನಾ ಅಂದುಕೊಳ್ಳುವೆ. ಆದರೆ ಒಂದು ದಿನ ತಡವಾದರೆ ಒಂದು ದಿನದ ಪೂಜೆ ಹೆಚ್ಚು. ಮೊದಲ ದಿನ ನನ್ನ ತಪ್ಪು ಮೂರು ಬಾಟಲಿಯಷ್ಟಿದ್ದರೆ ಹತ್ತನೆಯ ದಿನಕ್ಕೆ ಅದರ ಮೇಲೆ ಹತ್ತು ದಿನದ ಹೂವು, ಹತ್ತು ದಿನದ ದೀಪ, ಹತ್ತು ದಿನ ನಾನು ಪಕ್ಕದಲ್ಲಿ ಸುಮ್ಮನೆ ಕೂತದ್ದು ಸೇರಿತ್ತು. ಇದನ್ನೆಲ್ಲ ಯಾವ ಮುಖದಿಂದ ಹೇಳಲಿ?

ಆ ಕಡೆ ಸಾಹೇಬರು. ಪ್ರತಿ ಶುಕ್ರವಾರ ಕಂಪ್ಯೂಟರಿನ ಪರದೆಯ ಮೇಲೆ ಮುಖ ತೋರಿಸುವ ಮೀಟಿಂಗು. ಯಂತ್ರದ ಮಾತೆಲ್ಲ ಮುಗಿದ ಮೇಲೆ, ಮಿಸ್ಟರ್ ಅಂಗಾದಿ, ತೆಗೆದೆಯಾ ಎಂದು ಕೇಳುವರು. ಎರಡು ಶುಕ್ರವಾರ ನಕ್ಕು ಜಾರಿಕೊಂಡೆ. ಮೂರನೆಯ ಶುಕ್ರವಾರ ಅವರ ಮುಖ ಎಷ್ಟು ಬಾಡಿತೆಂದರೆ ನೋಡಲಾಗದೆ ತೆಗೆದೆ ಎಂದುಬಿಟ್ಟೆ. ಜೊತೆಗೆ ಏನು ತಿಂದೆ ಎಂದರು. ಬರೆದು ಕಳಿಸುತ್ತೇನೆ ಎಂದೆ.

ಕುಡಿಯದ ವೈನಿನ ಬಗ್ಗೆ ಬರೆಯುವುದು ಎಂದರೇನು ಹುಡುಗಾಟವೇ? ಡಾಂಬರು, ಗುಲಾಬಿ ಎಂದು ಅವರು ಹೇಳಿದ್ದು ನೆನಪಿತ್ತು. ಮಾರ್ಕೆಟ್ ಯಾರ್ಡಿನ ರಸ್ತೆಗೆ ಡಾಂಬರು ಹಾಕುತ್ತಿದ್ದರು, ಪಕ್ಕದಲ್ಲೇ ಹೂವಿನ ಮಾರುಕಟ್ಟೆ. ರವಿವಾರ ತರಕಾರಿಗೆ ಹೋದವನು ಚೀಲ ಹಿಡಿದು ಎರಡರ ನಡುವೆ ನಿಂತು ಐದು ನಿಮಿಷ ಮೂಸಿದೆ. ರೋಲರಿನವನು ಸರಿದು ನಿಲ್ಲಿರೆಂದು ಮರಾಠಿಯಲ್ಲಿ ಬೈದ. ಮನೆಗೆ ಬಂದು ಆ ವಾಸನೆಯನ್ನು ಎರಡು ಸಾಲಿನಲ್ಲಿ ಬರೆದೆ. ಅಲ್ಲಿಗೆ ನನ್ನ ಸರಕು ಖಾಲಿ. ಪತ್ರ ಒಂದು ಪುಟವಾದರೂ ಇರಬೇಕಲ್ಲ, ಉಳಿದದ್ದನ್ನು ಊಟದಿಂದ ತುಂಬಿಸಿದೆ. ಸುವರ್ಣಾ ಅವತ್ತು ಎಣ್ಣೆಗಾಯಿ ಮಾಡಿದ್ದಳು. ಎಳೆಯ ಬದನೆಕಾಯಿಯನ್ನು ತೊಟ್ಟು ಬಿಡದಂತೆ ನಾಲ್ಕಾಗಿ ಸೀಳುವುದು, ಶೇಂಗಾ ಬೇರೆ ಗುರೆಳ್ಳು ಬೇರೆ ಹುರಿಯುವುದು, ಹುಣಸೆಹುಳಿಗೆ ಬೆಲ್ಲ ಎಷ್ಟು, ಎಣ್ಣೆ ಅಂಚಿನಲ್ಲಿ ಯಾವಾಗ ತೇಲಬೇಕು, ಬಿಸಿ ಜೋಳದ ರೊಟ್ಟಿ ಹೇಗೆ ಉಬ್ಬಬೇಕು ಎಂಬುದೆಲ್ಲ ನನ್ನ ಗುಮಾಸ್ತನ ಇಂಗ್ಲಿಷಿನಲ್ಲಿ ಬಂತು. ಬರೆಯುತ್ತ ಬರೆಯುತ್ತ ಕೈ ತಾನೇ ಓಡಿತು. ಸಾಹೇಬರು ಮರುದಿನವೇ ಉತ್ತರಿಸಿದರು. ಆ ಬದನೆಕಾಯಿಯ ಎಣ್ಣೆ ಮತ್ತು ಶೇಂಗಾ ತಮ್ಮ ವೈನಿನ ಒಗರನ್ನು ಮೆತ್ತಗೆ ಮಾಡಿರಬೇಕು, ಕಾಡುಹಂದಿಗೂ ಈ ಮರ್ಯಾದೆ ಸಿಗುವುದಿಲ್ಲ ಎಂದು ಬರೆದಿದ್ದರು. ಎರಡನೆಯ ಬಾಟಲಿಗೆ ಶೇಂಗಾ ಹೋಳಿಗೆ ಎಂದೆ. ಸಿಹಿಯೊಂದಿಗೆ ಬರೋಲೋ ಕುಡಿಯುವುದು ಪಾಪ ಎಂದು ಬೈದರು, ಆದರೆ ಹೋಳಿಗೆಯ ಅಂಚು ಎಷ್ಟು ತೆಳುವಿರುತ್ತದೆ ಎಂದೂ ಕೇಳಿದರು. ಮೂರನೆಯದಕ್ಕೆ ಕಡಲೆಹಿಟ್ಟಿನ ಜುಣಕ, ಹಸಿ ಉಳ್ಳಾಗಡ್ಡಿ. ಈ ಸಲ ಉತ್ತರದಲ್ಲಿ, ನಿನ್ನ ಪತ್ರಗಳನ್ನು ಅಚ್ಚು ತೆಗೆದು ಇಟ್ಟುಕೊಂಡಿದ್ದೇನೆ ಎಂದಿತ್ತು. ನನಗೆ ಸಂತೋಷವಾಗಲಿಲ್ಲ.

ಮಾತಿನಲ್ಲಿ ಮೂರೂ ಬಾಟಲಿ ಖಾಲಿಯಾಗಿದ್ದವು. ಜಗಲಿಯ ಮೇಲೆ ಮೂರೂ ತುಂಬಿದ್ದವು. ಪೆಟ್ಟಿಗೆಯನ್ನು ಮಾಯ ಮಾಡಿ ಆ ಜಾಗದಲ್ಲಿ ಒಣದ್ರಾಕ್ಷಿ, ಖರ್ಜೂರ ತುಂಬಿದ ಇನ್ನೊಂದು ಪೆಟ್ಟಿಗೆ ಇಡಬೇಕೆಂದು ಶಿಂದೆ ಉಪಾಯ ಹೇಳಿದ. ಅದಕ್ಕೆ ಪ್ರತಿಫಲವಾಗಿ ಅವನು ಏನು ಕೇಳಿದನೆಂದು ಬೇರೆ ಹೇಳಬೇಕಿಲ್ಲ. ಒಂದು ದಿನ ಸುವರ್ಣಾ ದೌಂಡಕ್ಕೆ ತಂಗಿಯ ಮನೆಗೆ ಹೊರಟಳು. ಅವಳು ಮೆಟ್ಟಿಲಿಳಿದದ್ದೇ ತಡ, ನಾನು ಜಗಲಿಯ ಮುಂದೆ ಮಂಡಿಯೂರಿ ಪೆಟ್ಟಿಗೆಗೆ ಕೈ ಹಾಕಿದೆ. ಅಕ್ಷತೆ ಉದುರಿತು, ಬೆರಳೆಲ್ಲ ಕುಂಕುಮ. ಅಷ್ಟರಲ್ಲಿ ಮರೆತ ಛತ್ರಿಗೆಂದು ಅವಳು ವಾಪಸು ಬಂದಳು. ಏನು ಮಾಡುತ್ತಿದ್ದೀರಿ ಎಂದಳು. ನಾನು ಹಣೆಯನ್ನು ನೆಲಕ್ಕೆ ಹಚ್ಚಿ ಹಾಗೇ ಇದ್ದುಬಿಟ್ಟೆ. ಅವಳಿಗೆ ಕಣ್ಣಲ್ಲಿ ನೀರು ಬಂತು. ಇಷ್ಟು ವರ್ಷದಲ್ಲಿ ಯಾರೂ ಹೇಳದೆ ನಾನು ದೇವರಿಗೆ ಅಡ್ಡಬಿದ್ದದ್ದು ಅದೇ ಮೊದಲಂತೆ. ಹೋಗುತ್ತ ನನ್ನ ಹಣೆಗೆ ವಿಭೂತಿ ಹಚ್ಚಿ ಹೋದಳು. ಬಾಗಿಲು ಹಾಕಿದ ಮೇಲೂ ನನಗೆ ಆ ಪೆಟ್ಟಿಗೆ ಮುಟ್ಟುವ ಧೈರ್ಯ ಬರಲಿಲ್ಲ. ಖರ್ಜೂರವನ್ನು ನಾನೂ ಶಿಂದೆಯೂ ಆಫೀಸಿನಲ್ಲಿ ತಿಂದು ಮುಗಿಸಿದೆವು.

ಶ್ರಾವಣದ ಕೊನೆಯ ಸೋಮವಾರ ಬಂತು. ತೆಗೆಯೋಣವೇ ಎಂದಳು. ನನ್ನ ತಲೆ ಇಂಥ ಹೊತ್ತಿನಲ್ಲಿ ಓಡುವಷ್ಟು ಆಫೀಸಿನಲ್ಲಿ ಓಡಿದ್ದರೆ ನಾನು ಎಂದೋ ಮ್ಯಾನೇಜರ್ ಆಗಿರುತ್ತಿದ್ದೆ. ಇಟಲಿಯವರಲ್ಲಿ ಒಂದು ಪದ್ಧತಿಯಿದೆ ಎಂದೆ. ಕೊಟ್ಟವರೇ ಬಂದು ತಮ್ಮ ಕೈಯಾರೆ ಬಿಚ್ಚಬೇಕು, ಅಲ್ಲಿಯವರೆಗೆ ಮುಟ್ಟಿದರೆ ಅವರಿಗೆ ಅವಮಾನ. ಸುವರ್ಣಾಳಿಗೆ ಆ ಪದ್ಧತಿ ಭಾಳ ಹಿಡಿಸಿತು. ನಮ್ಮವರಿಗಿಂತ ಚಲೋ ಮಂದಿ ಎಂದಳು. ನಾನು ಗೆದ್ದೆನೆಂದುಕೊಂಡೆ. ಸಾಹೇಬರು ಇನ್ನು ಬರುವುದು ಸಂಕ್ರಾಂತಿಯ ಸುಮಾರಿಗೆ. ಅಷ್ಟರಲ್ಲಿ ಏನಾದರೂ ಆಗಬಹುದು, ಭೂಕಂಪ ಕೂಡ.

ಗಣಪತಿ ಬಂದು ಹೋದ. ಅವನೆದುರೂ ಪೆಟ್ಟಿಗೆ ಹತ್ತು ದಿನ ಕೂತಿತ್ತು, ಸುತ್ತ ಬಣ್ಣದ ದೀಪದ ಸರ. ಗಣಪತಿಯನ್ನು ನೀರಿಗೆ ಬಿಟ್ಟು ಬಂದ ವಾರದಲ್ಲಿ ಆಫೀಸಿನಲ್ಲಿ ಸುದ್ದಿ ಬಂತು. ಬ್ರೂನೊ ಸಾಹೇಬರು ಕೆಲಸ ಬಿಡುತ್ತಿದ್ದಾರೆ, ಎಲ್ಲರನ್ನೂ ಕಂಡು ಹೋಗಲು ಮುಂದಿನ ವಾರ ಬರುತ್ತಾರೆ. ನನಗೆ ಬೇರೆಯಾಗಿ ಒಂದು ಸಾಲು ಬರೆದಿದ್ದರು: ಹೋಟೆಲಿನ ಊಟ ಬೇಡ, ನಿನ್ನ ಪತ್ರದಲ್ಲಿರುವ ಬದನೆಕಾಯಿ ನಿನ್ನ ಮನೆಯಲ್ಲೇ ತಿನ್ನಬೇಕು. ನಾನು ತಲೆಯ ಮೇಲೆ ಕೈ ಹೊತ್ತು ಕೂತೆ. ಜ್ವರ ಬಂದಿದೆ ಎನ್ನಲೇ, ಸುವರ್ಣಾ ಊರಲ್ಲಿಲ್ಲ ಎನ್ನಲೇ, ನಾನೇ ಇಂದಾಪುರದ ಬಸ್ಸು ಹತ್ತಿ ಯಾರದಾದರೂ ಕಬ್ಬಿನ ಗದ್ದೆಯೊಳಗೆ ಹೊಕ್ಕು ಕೂರಲೇ ಎಂದೆಲ್ಲ ಯೋಚಿಸಿದೆ. ಆದರೆ ಡ್ರೈವರ್ ಆಗಲೇ ಫೋನ್ ಮಾಡಿ ವಿಳಾಸ ಸರಿಯಿದೆಯೇ ಎಂದು ಸುವರ್ಣಾಳನ್ನೇ ಕೇಳಿದ್ದ. ಅವಳು ಗುರೆಳ್ಳು ಹುರಿಯಲು ಶುರುಮಾಡಿದ್ದಳು.

ಸಾಹೇಬರು ರವಿವಾರ ಮಧ್ಯಾಹ್ನ ಬಂದರು. ಮೆಟ್ಟಿಲು ಹತ್ತುವಾಗ ಪ್ರತಿ ಮಹಡಿಯಲ್ಲೂ ನಿಂತರು. ಸುವರ್ಣಾ ಇಳಕಲ್ ಸೀರೆಯುಟ್ಟು ನಮಸ್ಕಾರ ಮಾಡಿ ನೀರು ಕೊಟ್ಟಳು. ಅವಳಿಗೆ ಇಂಗ್ಲಿಷ್ ಬಾರದು, ಅವರಿಗೆ ಇಂಗ್ಲಿಷ್ ಬಿಟ್ಟು ನಮ್ಮ ಯಾವ ಭಾಷೆಯೂ ಬಾರದು, ನಡುವೆ ನಾನು. ಊಟ ಮೊದಲೋ ಪೆಟ್ಟಿಗೆ ಮೊದಲೋ ಎಂದು ಅವಳು ಕೇಳಿದಳು. ಊಟ ಎಂದು ನಾನು ಹೇಳಿ ಮುಗಿಸುವುದರೊಳಗೆ ಅವಳು ಜಗಲಿಯಿಂದ ಪೆಟ್ಟಿಗೆಯನ್ನು ಹಿತ್ತಾಳೆಯ ತಟ್ಟೆಯಲ್ಲಿಟ್ಟುಕೊಂಡು ಬಂದಿದ್ದಳು. ಎರಡು ತಿಂಗಳ ಕುಂಕುಮ ಗಟ್ಟಿಯಾಗಿ ಹೆಪ್ಪುಗಟ್ಟಿತ್ತು. ಅಕ್ಷತೆ ರಿಬ್ಬನ್ನಿನ ಗಂಟಿನಲ್ಲಿ ಸಿಕ್ಕಿಕೊಂಡಿತ್ತು. ನಿಮ್ಮ ಪದ್ಧತಿಯಂತೆ ನೀವೇ ಬಿಚ್ಚಿರಿ ಎಂದು ಹೇಳಲು ನನಗೆ ಹೇಳಿದಳು. ನಾನು ಏನನ್ನೂ ಅನುವಾದಿಸಲಿಲ್ಲ. ಬೇಕಾಗಿಯೂ ಇರಲಿಲ್ಲ, ಸಾಹೇಬರು ತಾವು ಕಟ್ಟಿದ ಗಂಟನ್ನೇ ನೋಡುತ್ತಿದ್ದರು.

ಅವರು ಬಿಚ್ಚಿದರು. ಹಸಿರು ಕಾಗದವನ್ನು ಹರಿಯದೆ ಮಡಿಸಿ ಪಕ್ಕಕ್ಕಿಟ್ಟರು. ಮುಚ್ಚಳ ತೆಗೆದರು. ಹುಲ್ಲಿನ ಮೇಲೆ ಮೂರು ಬಾಟಲಿ, ಮೂರಕ್ಕೂ ಬಿರಡೆ ಇದ್ದದ್ದು ಇದ್ದ ಹಾಗೆ. ಸುವರ್ಣಾಳಿಗೆ ಚೀಟಿ ಓದುವ ಅಗತ್ಯವಿರಲಿಲ್ಲ. ದೌಂಡದ ಗೇಟಿನಲ್ಲಿ ನಿಂತವಳಿಗೆ ಬಾಟಲಿಯ ಆಕಾರ ಸಾಕು. ಅವಳು ಬಾಟಲಿ ನೋಡಿದಳು, ಜಗಲಿ ನೋಡಿದಳು, ನನ್ನನ್ನು ನೋಡಿದಳು. ಆ ಕಡೆ ಸಾಹೇಬರೂ ನನ್ನನ್ನು ನೋಡುತ್ತಿದ್ದರು. ಒಬ್ಬ ಮನುಷ್ಯ ಎರಡು ಭಾಷೆಯಲ್ಲಿ ಒಟ್ಟಿಗೆ ಸಿಕ್ಕಿಬೀಳುವುದೆಂದರೆ ಹೇಗಿರುತ್ತದೆಂದು ಅವತ್ತು ತಿಳಿಯಿತು. ಭೂಮಿ ಬಾಯಿ ಬಿಡಬಾರದೇ ಎಂದುಕೊಂಡೆ. ಮೂರನೆಯ ಮಹಡಿ ಬಾಯಿ ಬಿಟ್ಟರೆ ಎರಡನೆಯ ಮಹಡಿಯವರ ಊಟದ ತಟ್ಟೆಗೆ ಬೀಳುತ್ತಿದ್ದೆ ಅಷ್ಟೆ.

"ಎರಡು ತಿಂಗಳ ನಾ ಇದರ ಮುಂದ ದೀಪಾ ಹಚ್ಚೀನಿ," ಎಂದಳು ಸುವರ್ಣಾ. ದನಿ ಏರಿಸಲಿಲ್ಲ. "ನೀವು ಬಾಜೂಕ ಕೂತು ನೋಡೀರಿ."

ಕುಡಿದಿಲ್ಲ, ಆಣೆಗೂ ಒಂದು ಹನಿ ಕುಡಿದಿಲ್ಲ, ನೋಡು, ಬಿರಡೆ ಕೂಡ ತೆಗೆದಿಲ್ಲ ಎಂದೆ. ಕುಡಿದಿಲ್ಲವೆಂದು ತನಗೂ ಕಾಣಿಸುತ್ತದೆ, ತಾನು ಅದನ್ನು ಕೇಳಿದಳೇ ಎಂದಳು. ನಿಜವೇ, ಅವಳು ಅದನ್ನು ಕೇಳಿರಲಿಲ್ಲ. ಸಾಹೇಬರ ಕಡೆ ತಿರುಗಿ ಅವರಿಗೂ ಎಲ್ಲವನ್ನೂ ಹೇಳಿದೆ. ಕುಡಿಯುವವನಲ್ಲ, ಮಾಂಸ ತಿನ್ನುವವನಲ್ಲ, ಡಾಂಬರಿನ ವಾಸನೆ ಮಾರ್ಕೆಟ್ ಯಾರ್ಡಿನ ರಸ್ತೆಯದು, ಗುಲಾಬಿ ಪಕ್ಕದ ಅಂಗಡಿಯದು. ಸಾಹೇಬರು ಒಂದು ಬಾಟಲಿ ಎತ್ತಿ, ಬಿರಡೆಯನ್ನು ಹೆಬ್ಬೆರಳಿನಿಂದ ಸವರಿ, ಮತ್ತೆ ಹುಲ್ಲಿನ ಮೇಲಿಟ್ಟರು. ಕೊನೆಗೆ, ನಾನೂ ಕುಡಿಯುವುದಿಲ್ಲ ಎಂದರು. ಹೋದ ವರ್ಷ ಡಾಕ್ಟರು ನಿಲ್ಲಿಸಿದ್ದಾರಂತೆ, ವೈನು, ಉಪ್ಪು, ಕೊಬ್ಬು ಎಲ್ಲ. ಮನೆಯ ನೆಲಮಾಳಿಗೆಯಲ್ಲಿದ್ದ ಬಾಟಲಿಗಳನ್ನು ಗುರುತಿನವರಿಗೆಲ್ಲ ಹಂಚಿ, ಏನು ತಿಂದಿರಿ ಬರೆಯಿರಿ ಎಂದು ಕೇಳಿಕೊಂಡರಂತೆ. ಎಲ್ಲರೂ ಚೆನ್ನಾಗಿತ್ತು, ಥ್ಯಾಂಕ್ಸ್ ಎಂದು ಒಂದು ಸಾಲು ಬರೆದರಂತೆ. ಬೇಯಿಸಿದ ಗಜ್ಜರಿ ಮುಂದಿಟ್ಟುಕೊಂಡು ಕೂತಾಗ ಓದುವಂಥದ್ದನ್ನು ಬರೆದವನು ನಾನೊಬ್ಬನೇ ಅಂತೆ. ಹೀಗೆ ಹೇಳಿ ಕೋಟಿನ ಒಳಜೇಬಿನಿಂದ ಮಡಿಸಿ ಮಡಿಸಿ ಮೆತ್ತಗಾದ ಮೂರು ಹಾಳೆ ತೆಗೆದರು. ಬೈದಿದ್ದರೆ ಸಹಿಸಬಹುದಿತ್ತು. ಆ ಹಾಳೆಗಳನ್ನು ನೋಡಿ ನನಗೆ ಅಳು ಬಂತು.

ಸುವರ್ಣಾ ಇದೇನೆಂದು ಕೇಳಿದಳು. ಪತ್ರ ಎಂದೆ. ಸಾಹೇಬರು ಮೊದಲ ಹಾಳೆ ಬಿಡಿಸಿ, ಹಾಗಾದರೆ ಇದೂ ನಿಜವಲ್ಲವೇ ಎಂದು ನಿಧಾನವಾಗಿ ಓದತೊಡಗಿದರು. ಏನಂತೆ, ಹೇಳಿರಿ ಎಂದಳು ಇವಳು. ನಾನು ತಡವರಿಸಿದೆ. ಹೇಳಿರಿ ಎಂದಳು ಮತ್ತೆ. ಹೀಗೆ ನಾನು ನನ್ನದೇ ಪತ್ರವನ್ನು, ಸಾಹೇಬರ ಬಾಯಿಂದ ಕೇಳಿ, ನನ್ನ ಹೆಂಡತಿಗೆ ಕನ್ನಡದಲ್ಲಿ ಒಪ್ಪಿಸಬೇಕಾಯಿತು. ಬದನೆಕಾಯಿ ಸೀಳುವಾಗ ಅವಳು ನಾಲಿಗೆಯ ತುದಿಯನ್ನು ಹಲ್ಲಿನಿಂದ ಹಿಡಿದಿರುತ್ತಾಳೆ ಎಂದು ಬರೆದಿದ್ದೆ, ಹೇಳಿದೆ. ಶೇಂಗಾ ಹುರಿದದ್ದು ಸಾಕೆಂದು ಅವಳು ವಾಸನೆಯಿಂದಲ್ಲ, ಸಪ್ಪಳದಿಂದ ತಿಳಿಯುತ್ತಾಳೆ ಎಂದು ಬರೆದಿದ್ದೆ, ಹೇಳಿದೆ. ಕೊನೆಗೆ ಒಂದು ಸಾಲಿತ್ತು. ಮೊದಲ ತುತ್ತನ್ನು ನಾನು ಕಣ್ಣು ಮುಚ್ಚಿ ತಿನ್ನುತ್ತೇನೆ, ಇಪ್ಪತ್ತೆಂಟು ವರ್ಷದಿಂದ, ಅವಳಿಗೆ ಇದು ಗೊತ್ತಿಲ್ಲ, ಆಗ ಅವಳು ನನಗೆ ಬೆನ್ನು ಮಾಡಿ ರೊಟ್ಟಿ ಬಡಿಯುತ್ತಿರುತ್ತಾಳೆ. ಅದನ್ನೂ ಹೇಳಿದೆ. ಊಟದ ಬಗ್ಗೆ ನಾನು ಅವಳೆದುರು ಇದುವರೆಗೆ ಆಡಿದ ಅತಿ ದೊಡ್ಡ ಮಾತೆಂದರೆ 'ಅಡ್ಡಿಯಿಲ್ಲ'. ಹೇಳುತ್ತ ನನ್ನ ಕಿವಿ ಬಿಸಿಯಾಯಿತು. ಅವಳು ನೆಟ್ಟಗೆ ನಿಂತು ಕೊನೆಯವರೆಗೂ ಕೇಳಿದಳು.

"ಇದೂ ಸುಳ್ಳೇನ್ರಿ?" ಎಂದಳು.

ಅಲ್ಲ, ಇದೊಂದು ನಿಜ ಎಂದೆ. ಅವಳು ಒಳಗೆ ಹೋಗಿ ತಟ್ಟೆ ಹಾಕಿದಳು. ಮನೆಗೆ ಬಂದವರ ಎದುರು ಜಗಳವಾಡುವ ಮನೆತನವಲ್ಲ ಅವಳದು. ಉಪ್ಪು, ಕೊಬ್ಬು ಬಿಟ್ಟಿರುವ ಸಾಹೇಬರಿಗೆ ಡಾಕ್ಟರು ಏನಂದರೋ ಏನೋ, ಎರಡು ಬದನೆಕಾಯಿ ಪೂರ್ತಿ ತಿಂದರು. ಮೊದಲ ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿದರು. ಆಮೇಲೆ ನನ್ನತ್ತ ತಿರುಗಿ, ವೈನಿನ ಬಗ್ಗೆ ಬರೆದದ್ದು ಹೋಗಲಿ, ಇದರ ಬಗ್ಗೆ ನೀನು ಒಂದಕ್ಷರವೂ ಸುಳ್ಳು ಬರೆದಿಲ್ಲ ಎಂದರು. ನನಗೆ ಹೋದ ಜೀವ ಬಂದಂತಾಯಿತು. ಸಾಕ್ಷಿ ಸಿಕ್ಕಿತಲ್ಲ. ಅಡುಗೆಮನೆಗೆ ಓಡಿಹೋಗಿ, ಕೇಳಿದೆಯಾ, ಪತ್ರದಲ್ಲಿದ್ದದ್ದು ಅಕ್ಷರಕ್ಷರವೂ ನಿಜವೆಂದು ಸಾಹೇಬರೇ ಹೇಳುತ್ತಿದ್ದಾರೆ ಎಂದೆ. ಸುವರ್ಣಾ ರೊಟ್ಟಿ ತಿರುವಿ ಹಾಕುತ್ತಿದ್ದಳು.

"ಅವರು ಹಂಗಂದ್ರು ಅಂತ ಹೇಳಾವ್ರೂ ನೀವ ಅಲ್ರಿ?" ಎಂದಳು.

ಸಾಹೇಬರು ಹೊರಟಾಗ ಮೂರು ಬಾಟಲಿಯನ್ನೂ ಅವಳೇ ಒಂದು ಚೀಲದಲ್ಲಿ ಹಾಕಿ ಡ್ರೈವರನ ಕೈಗೆ ಕೊಟ್ಟಳು. ಕೊಟ್ಟವರ ಪೆಟ್ಟಿಗೆಯನ್ನು ಬರಿದು ಮಾಡಿ ಕಳಿಸಬಾರದೆಂದು ಅದರಲ್ಲಿ ಕಡಕ್ ರೊಟ್ಟಿ, ಶೇಂಗಾ ಚಟ್ನಿ ತುಂಬಿ, ಅದೇ ಹಸಿರು ಕಾಗದ ಸುತ್ತಿ, ಅದೇ ಕೆಂಪು ರಿಬ್ಬನ್ ಕಟ್ಟಿದಳು. ಸಾಹೇಬರು ಆ ಪೆಟ್ಟಿಗೆಯನ್ನು ಡ್ರೈವರನಿಗೆ ಕೊಡದೆ ತಾವೇ ಎತ್ತಿಕೊಂಡು ಮೆಟ್ಟಿಲಿಳಿದರು. ಬಾಟಲಿಗಳು ಕೊನೆಗೆ ಎಲ್ಲಿ ಹೋದವೆಂದು ಕೇಳಬೇಡಿ. ಶಿಂದೆ ಈಚೆಗೆ ಬಹಳ ಖುಷಿಯಲ್ಲಿದ್ದಾನೆ. ಮರುದಿನ ಸುವರ್ಣಾ ಜಗಲಿಯನ್ನು ಮೂರು ಸಲ ತೊಳೆದಳು. ಈಗ ಮನೆಗೆ ಏನು ಬಂದರೂ ಮೊದಲು ಬಿಚ್ಚಿ ನೋಡಿ ಆಮೇಲೆ ದೇವರಿಗೆ ತೋರಿಸುತ್ತಾಳೆ. ನಾನು ತಂದದ್ದನ್ನು ಎರಡು ಸಲ ನೋಡುತ್ತಾಳೆ.

ಮಾತು ಬಿಟ್ಟಿಲ್ಲ. ಬಿಟ್ಟಿದ್ದರೆ ಇಷ್ಟು ಕಷ್ಟವಾಗುತ್ತಿರಲಿಲ್ಲ. ತುಪ್ಪ ಬೇಕೇ, ಬಸ್ಸು ತಪ್ಪಿತೇ ಎಂದೆಲ್ಲ ಕೇಳುತ್ತಾಳೆ. ಆದರೆ ನಾನು ಪಲ್ಯ ಚಲೋ ಆಗಿದೆ ಎಂದರೆ, ಇವತ್ತು ಯಾವ ಸಾಹೇಬರು ಬರುತ್ತಾರೆ ಎನ್ನುತ್ತಾಳೆ. ಇಪ್ಪತ್ತೆಂಟು ವರ್ಷ ಹೇಳದೆ ಉಳಿಸಿಕೊಂಡ ಮಾತುಗಳನ್ನೆಲ್ಲ ಈಗ ಬೆಳಿಗ್ಗೆ, ಸಂಜೆ ಹೇಳುತ್ತಿದ್ದೇನೆ, ಒಂದೂ ಆ ಕಡೆ ಮುಟ್ಟುತ್ತಿಲ್ಲ. ಸಾಹೇಬರು ಊರಿಗೆ ಹೋದ ಮೇಲೂ ಶುಕ್ರವಾರ ಏನು ಊಟ ಎಂದು ಬರೆಯುತ್ತಾರೆ. ನಾನು ನಿಜ ಬರೆಯುತ್ತೇನೆ. ಆರು ವಾರದಿಂದ ಉಪ್ಪಿಟ್ಟು.

ಮೊನ್ನೆ ರವಿವಾರ, ಏನನ್ನಿಸಿತೋ, ಎಣ್ಣೆಗಾಯಿ ಮಾಡಿದಳು. ವಾಸನೆಗೇ ನನ್ನ ಎದೆ ತುಂಬಿ ಬಂತು, ಕ್ಷಮಿಸಿದಳು ಎಂದುಕೊಂಡೆ. ರೊಟ್ಟಿಗಳನ್ನು ಮೊದಲೇ ಬಡಿದು ಬುಟ್ಟಿಯಲ್ಲಿ ಮುಚ್ಚಿಟ್ಟಿದ್ದಳು. ನನಗೆ ಬಡಿಸಿ, ಬೆನ್ನು ಮಾಡದೆ, ನನ್ನೆದುರಿಗೇ ಕೂತಳು. ನಾನು ತುತ್ತು ಬಾಯಿಗಿಟ್ಟೆ. ಹಳೆಯ ಅಭ್ಯಾಸ, ಕಣ್ಣು ತಾನಾಗಿಯೇ ಮುಚ್ಚಿತು.

"ಕಣ್ಣ ತೆಗೀರಿ," ಎಂದಳು. "ಉಣ್ಣೂ ಹೊತ್ತಿನಾಗ ನಾಟಕ ಬ್ಯಾಡ."

ಕಣ್ಣು ತೆರೆದುಕೊಂಡೇ ಊಟ ಮುಗಿಸಿದೆ. ಉಪ್ಪು ಒಂದು ಚಿಟಿಕೆ ಕಡಿಮೆಯಾಗಿತ್ತು. ಅದನ್ನು ಹೇಳಿದರಾದರೂ ನಂಬುತ್ತಾಳೇನೋ ಎಂದುಕೊಂಡೆ, ಧೈರ್ಯ ಬರಲಿಲ್ಲ.